ಬಿ.ಎಸ್ಸಿ. ಓದುವಾಗಲೇ ರಿಸರ್ಚ್ ಮಾಡಿದರೆ ಮುಂದಿನ ಗುರಿ ಸ್ಪಷ್ಟವಾಗುತ್ತಾ?

ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೀರಿ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಲ್ಯಾಬ್‌ಗೆ ಹೋಗುವುದೋ, ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ಓದುವುದೋ ಅಂತ ಕೇಳಿದ್ದೀರಿ. ಲ್ಯಾಬ್‌ಗೆ ಹೋಗಿ.

ನಾನು ಮೆಡಿಕಲ್ ಸೀಟು ಸಿಗದೆ ಬಿ.ಎಸ್ಸಿ.ಗೆ ಬಂದವಳು. ಮುಂದೇನು ಅಂತ ಯಾರಾದರೂ ಕೇಳಿದರೆ 'ಪಿಎಚ್‌ಡಿ' ಅಂತಿದ್ದೆ, ಅದರಲ್ಲಿ ಏನು ಮಾಡುತ್ತಾರೆ ಅಂತ ಗೊತ್ತೇ ಇರಲಿಲ್ಲ. ಎರಡನೇ ವರ್ಷದ ರಜೆಯಲ್ಲಿ ಹಣ್ಣಿನ ನೊಣ, ಅಂದರೆ ಡ್ರೊಸೊಫಿಲಾ ಸಾಕುವ ಒಂದು ಲ್ಯಾಬ್‌ಗೆ ಸೇರಿಕೊಂಡೆ. ಮೊದಲ ವಾರ ಬರೀ ನೊಣಗಳಿಗೆ ಅಡುಗೆ ಮಾಡುವ ಕೆಲಸ. ಒಂದು ಲೀಟರ್ ನೀರಿಗೆ 100 ಗ್ರಾಂ ರವೆ, 100 ಗ್ರಾಂ ಬೆಲ್ಲ, ಗಟ್ಟಿಯಾಗಲು 10 ಗ್ರಾಂ ಅಗರ್ ಪುಡಿ ಹಾಕಿ ಗಂಟಾಗದ ಹಾಗೆ ತಿರುವಬೇಕು. ಬೂಷ್ಟು ಬರದಿರಲಿ ಅಂತ ಕೊನೆಗೆ 7.5 ಮಿ.ಲೀ. ಪ್ರೊಪಿಯೋನಿಕ್ ಆಸಿಡ್. ಆಸಿಡ್ ಹಾಕುವ ತನಕ ಮನೆಯಲ್ಲಿ ಸಜ್ಜಿಗೆ ಮಾಡಿದ ಹಾಗೇ ಘಮ.

ನನಗೆ ಕೊಟ್ಟ ಪ್ರಶ್ನೆ ಚಿಕ್ಕದು: ವಯಸ್ಸಾದ ಗಂಡಿನ ಜೊತೆ ಕೂಡಿದ ಹೆಣ್ಣು ನೊಣ ಜಾಸ್ತಿ ಮೊಟ್ಟೆ ಇಡುತ್ತಾ, ಕಡಿಮೆ ಇಡುತ್ತಾ? ಇದಕ್ಕೆ ಇನ್ನೂ ಕೂಡದ ಹೆಣ್ಣೇ ಬೇಕು. 25 ಡಿಗ್ರಿಯಲ್ಲಿ ಕೋಶದಿಂದ ಹೊರಬಂದ ಸುಮಾರು ಎಂಟು ಗಂಟೆಯೊಳಗೆ ಹೆಣ್ಣನ್ನು ಬೇರೆ ಮಾಡಬೇಕು, ತಡವಾದರೆ ನಂಬುವ ಹಾಗಿಲ್ಲ, ಯಾಕೆಂದರೆ ಒಂದೇ ಸಲ ಕೂಡಿದರೂ ಆ ವೀರ್ಯವನ್ನು ದಿನಗಟ್ಟಲೆ ಒಳಗೇ ಇಟ್ಟುಕೊಂಡು ಮೊಟ್ಟೆ ಇಡುತ್ತಾ ಹೋಗುತ್ತದೆ. ಮೂರನೇ ವಾರ ಒಂದು ದಿನ ನೋಡುತ್ತೇನೆ, ಗಂಡು ನೊಣವನ್ನೇ ಬಿಡದ ಒಂದು ವಯಲ್‌ನಲ್ಲಿ, ಅಂದರೆ ನೊಣ ಸಾಕುವ ಚಿಕ್ಕ ಸೀಸೆಯಲ್ಲಿ, ಬಿಳಿ ಮರಿಹುಳುಗಳು ಹರಿದಾಡುತ್ತಿವೆ! ಅದರಲ್ಲಿದ್ದ ಹೆಣ್ಣುಗಳು ಯಾವತ್ತೋ ನಾನು ತಡವಾಗಿ ಬಂದು ಬೇರೆ ಮಾಡಿದವು. ಗೈಡ್ ಬೈಯಲಿಲ್ಲ. 'ಯಾವ ದಿನದ್ದು ಅಂತ ಬರೆದಿದ್ದೀಯಾ?' ಅಂತ ಕೇಳಿದರು ಅಷ್ಟೇ. ನಾನು ಬರೆದಿರಲಿಲ್ಲ. ಹಾಗಾಗಿ ಆ ಒಂದು ವಯಲ್ ಅಲ್ಲ, ಅಲ್ಲಿಯ ತನಕದ ಮೊಟ್ಟೆ ಎಣಿಕೆ ಪೂರ್ತಿ ಬಿಡಬೇಕಾಯಿತು.

ಅವತ್ತು ಹಾಸ್ಟೆಲ್‌ಗೆ ಬಂದು ಅತ್ತೆ. ಆದರೆ ಅದರ ಮುಂದಿನ ಭಾನುವಾರ, ಯಾರೂ ಹೇಳದೆ, ಬೆಳಿಗ್ಗೆ ಆರು ಗಂಟೆಗೆ ನಾನೇ ಹೋಗಿ, ಆಮೇಲೆ ಹೊರಬರುವ ಹೊಸ ಹೆಣ್ಣುಗಳಷ್ಟೇ ಸಿಗಲಿ ಅಂತ, ಬಾಟಲಿಯ ಹಳೇ ನೊಣಗಳನ್ನು ಖಾಲಿ ಮಾಡುತ್ತಿದ್ದೆ. ಮೆಡಿಕಲ್ ಸೀಟಿನ ನೋವು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇನ್ನೊಂದು ವಿಷಯವೂ ಆಗಲೇ ತಿಳಿದದ್ದು: ನೊಣಕ್ಕಿಂತ ನನ್ನನ್ನು ಎಳೆಯುತ್ತಿದ್ದದ್ದು ಆ ಅಂಕಿಗಳು. ಎರಡು ಗುಂಪಿನ ವ್ಯತ್ಯಾಸ ನಿಜವೋ, ಸುಮ್ನೆ ಆಕಸ್ಮಿಕವೋ ಅಂತ ತಿಳಿಯಲು ರಾತ್ರಿ ಕೂತು ಸ್ಟ್ಯಾಟಿಸ್ಟಿಕ್ಸ್ ಕಲಿತೆ. ಎಂ.ಎಸ್ಸಿ.ಗೆ ಜೆನೆಟಿಕ್ಸ್ ತಗೊಂಡೆ. ಈಗ ಪಿಎಚ್‌ಡಿಯಲ್ಲಿ ನನ್ನ ಕೆಲಸ ಹೆಚ್ಚೂಕಡಿಮೆ ಕಂಪ್ಯೂಟರ್ ಮುಂದೆಯೇ.

ನನ್ನ ಗೆಳತಿಗೆ ಉಲ್ಟಾ ಆಯಿತು. ಅದೇ ರಜೆಯಲ್ಲಿ ಕೆಮಿಸ್ಟ್ರಿ ಲ್ಯಾಬ್‌ಗೆ ಹೋದವಳು, ಇದು ನನಗೆ ಆಗಲ್ಲ ಅಂತ ಎರಡೇ ತಿಂಗಳಲ್ಲಿ ತಿಳಿದುಕೊಂಡಳು. ಬಿ.ಎಡ್. ಮಾಡಿ ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ, ಖುಷಿಯಾಗಿದ್ದಾಳೆ. ಇದು ಪಿಎಚ್‌ಡಿಯ ಮೂರನೇ ವರ್ಷದಲ್ಲಿ ತಿಳಿದಿದ್ದರೆ ಎಷ್ಟು ಕಷ್ಟ, ಅಲ್ವಾ?

ಅಮೆರಿಕದಲ್ಲಿ ಡೇವಿಡ್ ಲೊಪಾಟೊ ಅನ್ನುವವರು ರಿಸರ್ಚ್ ಮಾಡಿದ 41 ಸಂಸ್ಥೆಗಳ ಪದವಿ ವಿದ್ಯಾರ್ಥಿಗಳನ್ನು ಕೇಳಿ 2004ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದ್ದರು. 1,135 ಜನರಲ್ಲಿ ಶೇಕಡ 83ಕ್ಕಿಂತ ಹೆಚ್ಚು ಮಂದಿ ವಿಜ್ಞಾನದಲ್ಲಿ ಮುಂದೆ ಓದುವ ಯೋಚನೆ ಶುರು ಮಾಡಿದವರು ಅಥವಾ ಮುಂದುವರಿಸಿದವರು. ಮೊದಲೇ ಆಸೆ ಇದ್ದವರೂ ಇದರಲ್ಲಿ ಸೇರಿದ್ದಾರೆ ಅನ್ನುವುದು ನೆನಪಿರಲಿ. ಆ ಯೋಚನೆ ಬಿಟ್ಟವರು 51 ಜನ, ಅವರಿಗೆ ರಿಸರ್ಚ್‌ನಿಂದ ಆದ ಲಾಭವೂ ಉಳಿದವರಿಗಿಂತ ಕಡಿಮೆ. ಹಾಗಾಗಿ ಎಂಥ ಲ್ಯಾಬ್ ಅನ್ನುವುದು ಮುಖ್ಯ ಅಂತ ನನಗನಿಸುತ್ತದೆ. ಎರಡು ತಿಂಗಳು ಗಾಜು ತೊಳೆದು ಸರ್ಟಿಫಿಕೇಟ್ ತರುವುದಾದರೆ ಏನೂ ತಿಳಿಯುವುದಿಲ್ಲ. ಸೇರುವ ಮೊದಲೇ 'ನನಗೆ ಅಂತ ಒಂದು ಚಿಕ್ಕ ಪ್ರಶ್ನೆ ಕೊಡುತ್ತೀರಾ ಸರ್?' ಅಂತ ಕೇಳಿ, ಸಂಕೋಚ ಬೇಡ.

ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಎರಡು ತಿಂಗಳ ಸಮ್ಮರ್ ಫೆಲೋಶಿಪ್ ಕೊಡುತ್ತದೆ, ಸ್ಟೈಪೆಂಡ್ ಇದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಸೆಂಟರ್‌ನಲ್ಲೂ ಇಂಥದ್ದೇ ಒಂದಿದೆ. ಅಕಾಡೆಮಿಯ ಅರ್ಜಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಮುಗಿಯುತ್ತದೆ. ಅದಕ್ಕೆ ಮೇಷ್ಟ್ರ ಶಿಫಾರಸು ಪತ್ರ ಬೇಕು, ಕೊನೇ ವಾರದ ತನಕ ಕಾಯದೆ ಅಕ್ಟೋಬರ್‌ನಲ್ಲೇ ಕೇಳಿಬಿಡಿ.