ಎಲೆಕ್ಟ್ರಾನಿಕ್ ಸಂಗೀತ ಮಾಡುವ ಹೊಸ ಪ್ರೊಡ್ಯೂಸರ್‌ಗಳಿಗೆ ಡಾನ್ಸ್ ಕ್ಲಬ್ ಯಾಕೆ ಬೇಕು? ಮನೆಯಲ್ಲೇ ಟ್ರ್ಯಾಕ್ ಮಾಡಿ ಆನ್‌ಲೈನ್‌ಗೆ ಹಾಕಿದರೆ ಸಾಲದಾ?

ಸಾಲದು ಅಂತಲೇ ನನ್ನ ಉತ್ತರ. ಲಂಡನ್ನಿನಲ್ಲಿ ಡಬ್‌ಸ್ಟೆಪ್ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತ ಬೆಳೆದ ಬಗೆ ನೋಡಿದರೆ ಕಾರಣ ಗೊತ್ತಾಗುತ್ತದೆ.

2001ರಲ್ಲಿ ಸೋಹೋ ಪ್ರದೇಶದಲ್ಲಿ ‘ಫಾರ್ವರ್ಡ್’ ಎಂಬ ಕ್ಲಬ್ ನೈಟ್, ಅಂದರೆ ಕ್ಲಬ್‌ನಲ್ಲಿ ಆಗಾಗ ನಡೆಯುವ ಸಂಗೀತದ ರಾತ್ರಿ, ಶುರುವಾಯಿತು. ಆಮೇಲೆ ಅದು ಶೋರ್ಡಿಚ್‌ನ ‘ಪ್ಲಾಸ್ಟಿಕ್ ಪೀಪಲ್’ ಕ್ಲಬ್‌ಗೆ ಬಂತು. ಅದೊಂದು ಪುಟ್ಟ ನೆಲಮಾಳಿಗೆ, ಒಳಗೆ ಹೆಚ್ಚುಕಡಿಮೆ ಕತ್ತಲೆ. ಆದರೆ ಸೌಂಡ್ ಸಿಸ್ಟಮ್ ಅದ್ಭುತ! ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕಡೆಯ ಪ್ರೊಡ್ಯೂಸರ್‌ಗಳಾದ ಸ್ಕ್ರೀಮ್, ಬೆಂಗಾ ಆಗಿನ್ನೂ ಹದಿಹರೆಯದ ಹುಡುಗರು. ಇಂಥವರು ಮನೆಯಲ್ಲಿ ಮಾಡಿದ ಟ್ರ್ಯಾಕ್‌ಗಳು ನಿಜವಾಗಿ ಹೇಗಿವೆ ಅಂತ ಗೊತ್ತಾಗುತ್ತಿದ್ದದ್ದು ಇಂಥ ಕಡೆಯೇ.

ಯಾಕೆಂದರೆ ಈ ಸಂಗೀತದ ಜೀವ ಇರುವುದು ಬೇಸ್‌ನಲ್ಲಿ, ಅಂದರೆ ತೀರಾ ತಗ್ಗಿನ ಸ್ವರದಲ್ಲಿ. 40-50 ಹರ್ಟ್ಸ್‌ನ ಆ ದನಿ ಫೋನಿನ ಸ್ಪೀಕರ್‌ನಲ್ಲಿ ಬರುವುದೇ ಇಲ್ಲ. ದೊಡ್ಡ ಸ್ಪೀಕರ್ ಮುಂದೆ ನಿಂತರೆ ಅದು ಎದೆಗೆ ತಾಗುತ್ತದೆ. ಬೇಸ್ ಜಾಸ್ತಿಯಾಗಿ ಡ್ರಮ್ ಮುಚ್ಚಿಹೋಯಿತಾ, ಜನ ಕುಣಿಯುತ್ತಾರಾ, ಸುಮ್ನೆ ನಿಲ್ಲುತ್ತಾರಾ, ಎಲ್ಲ ಅಲ್ಲೇ ತಿಳಿಯುತ್ತದೆ. ಮನೆಗೆ ಹೋಗಿ ತಿದ್ದಬಹುದು, ಅಲ್ವಾ?

ಆಗ ಹೊಸ ಟ್ರ್ಯಾಕನ್ನು ಡಬ್‌ಪ್ಲೇಟ್ ಎಂಬ ಗ್ರಾಮಫೋನ್ ತಟ್ಟೆಗೆ ಕೊರೆಸಿ ತರುತ್ತಿದ್ದರು. ಅದಕ್ಕೆ ದುಡ್ಡು ಬೇಕು, ನುಡಿಸಿದಷ್ಟೂ ಅದು ಸವೆಯುತ್ತದೆ. ಹಾಗಾಗಿ ಯಾವುದನ್ನು ಕೊರೆಸಬೇಕು ಅಂತ ಯೋಚಿಸಿಯೇ ಆರಿಸುತ್ತಿದ್ದರು. ಈ ಶಿಸ್ತು ನನಗೆ ತುಂಬಾ ಇಷ್ಟ.

2005ರಲ್ಲಿ ಮಾಲಾ, ಕೋಕಿ, ಲೋಫಾ ಎಂಬ ಡಬ್‌ಸ್ಟೆಪ್ ಪ್ರೊಡ್ಯೂಸರ್‌ಗಳು ಸೇರಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ‘ಡಿಎಂಝೆಡ್’ ನೈಟ್ ಶುರು ಮಾಡಿದರು. ಮೊದಲ ವಾರ್ಷಿಕೋತ್ಸವಕ್ಕೆ ಎಷ್ಟು ಜನ ಬಂದರೆಂದರೆ, ಅದೇ ಕಟ್ಟಡದ ದೊಡ್ಡ ಹಾಲ್‌ಗೆ ಹೋಗಬೇಕಾಯಿತು.