ಧಣಿಯೇ ನಮ್ಮ ಸಭೆಯ ಹಿರಿಯರು, ಸಂಬಳ ಕೇಳಿದರೆ ಪಾಪವೇ?

ಪ್ರಶ್ನೆ: ಮಂಗಳೂರಿನ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಒಂಬತ್ತು ವರ್ಷದಿಂದ ಬೈಂಡಿಂಗ್ ಕೆಲಸ, ಸಂಬಳ 18,000. ಆರು ತಿಂಗಳಿಂದ ತುಂಡು ತುಂಡಾಗಿ ಬರುತ್ತಿದೆ, ಎರಡು ತಿಂಗಳದ್ದು ಬಾಕಿ. ಕೇಳಿದರೆ ‘ದಾಸರು ಯಜಮಾನರಿಗೆ ವಿಧೇಯರಾಗಿರಬೇಕು ಅಂತ ಬೈಬಲಿನಲ್ಲಿ ಪೌಲನೇ ಬರೆದಿದ್ದಾನಲ್ಲ’ ಅನ್ನುತ್ತಾರೆ ನಮ್ಮ ಚರ್ಚ್ ಸಭೆಯ ಹಿರಿಯರೂ ಆದ ಧಣಿ. ಬೇಸರದಿಂದ ನಾನೂ ಈಗ ನಾಲ್ಕು ಗಂಟೆಗೇ ಹೊರಡುತ್ತೇನೆ. ಲೇಬರ್ ಆಫೀಸಿಗೆ ಹೋಗಬಹುದೇ?

ಉತ್ತರ: ಆ ಮಾತು ಎಫೆಸ 6:5ರಲ್ಲಿದೆ, ನಿಜ. ಆದರೆ ನಿಮ್ಮ ಧಣಿ ನಾಲ್ಕು ವಚನ ಮೊದಲೇ ಬೈಬಲ್ ಮುಚ್ಚಿಬಿಟ್ಟಿದ್ದಾರೆ. ಒಂಬತ್ತನೆಯದು ಯಜಮಾನರಿಗೇ ಹೇಳಿದ್ದು: ಬೆದರಿಸುವುದನ್ನು ಬಿಡಿ, ನಿಮಗೂ ಮೇಲೆ ಒಬ್ಬ ಯಜಮಾನನಿದ್ದಾನೆ, ಆತ ಮುಖ ನೋಡಿ ಮಣೆ ಹಾಕುವವನಲ್ಲ. ಸಂಬಳದ ವಿಷಯದಲ್ಲಿ ಧರ್ಮೋಪದೇಶಕಾಂಡ 24:15 ಇನ್ನೂ ಖಡಕ್ಕು. ಕೂಲಿ ಹೊತ್ತು ಮುಳುಗುವ ಮೊದಲೇ ಕೈಸೇರಬೇಕು. ಕೂಲಿಯವನು ದೇವರಿಗೆ ಮೊರೆಯಿಟ್ಟರೆ ಪಾಪ ಕೊಡದವನದು. ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ಪಾಪವೇ ಎಂದು ಕೇಳಬೇಕಾದವರು ನೀವಲ್ಲ.

1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗಿನಿಂದ ನಮ್ಮಲ್ಲಿ ಕೆಲಸ ಕೊಡುವವರೂ ಸಭೆಯೂ ಬೆರೆತೇ ಇವೆ. ಹಾಗಾಗಿ ಈ ಮುಜುಗರ ನಿಮ್ಮೊಬ್ಬರದಲ್ಲ.

ಮೊದಲು ಒಂದು ಹಾಳೆ ಮಾಡಿ: ತಿಂಗಳು, ಕೊಡಬೇಕಾದ ದಿನ, ಕೊಟ್ಟ ದಿನ, ಕೊಟ್ಟ ಮೊತ್ತ, ಬಾಕಿ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಹೆಚ್ಚಿನವರು ಎಡವುವುದು ವೋಚರಿನಲ್ಲಿ: 5,000 ಕೈಗೆ ಬಂದಿರುತ್ತದೆ, 18,000 ಮುಟ್ಟಿದೆ ಎಂಬ ಕಾಗದಕ್ಕೆ ಸಹಿ ಬಿದ್ದಿರುತ್ತದೆ. ಮುಟ್ಟಿದ ಮೊತ್ತವನ್ನೂ ತಾರೀಖನ್ನೂ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ. ಅಂಥ ಹಳೆಯ ವೋಚರುಗಳಿಗೆ ಈಗಾಗಲೇ ಸಹಿ ಹಾಕಿದ್ದರೆ ಅದನ್ನೂ ಹಾಳೆಯಲ್ಲಿ ಬರೆದಿಡಿ.

ಆಮೇಲಿನ ದಾರಿ ಮತ್ತಾಯ 18:15ರಿಂದ 17ರವರೆಗೆ ಇದೆ. ಮೊದಲು ಒಬ್ಬರೇ ಹೋಗಿ ಮಾತಾಡಿ. ಭಾನುವಾರ ಆರಾಧನೆ ಮುಗಿದು ಮೆಟ್ಟಿಲಿಳಿಯುವಾಗ ಬೇಡ, ಪ್ರೆಸ್ಸಿನಲ್ಲೇ, ಹಾಳೆ ಹಿಡಿದು. ಬಾಕಿ ತೀರಿಸುವ ತಾರೀಖು ಬರೆಸಿಕೊಳ್ಳಿ. ಆಗಲಿಲ್ಲವೇ, ಹೊಣೆಯುಳ್ಳ ಒಬ್ಬಿಬ್ಬರನ್ನು ಕರೆದೊಯ್ಯಿರಿ. ಸಂಬಳ ಬಾಕಿಯಿರುವ ಸಹೋದ್ಯೋಗಿಯಾದರೆ ಒಳ್ಳೆಯದು. ಮೂರನೆಯದು ಸಭಾಪಾಲಕರು.

ಆಗ ಧಣಿ 1 ಕೊರಿಂಥ 6 ತೆಗೆಯಬಹುದು: ಸಹೋದರರ ವ್ಯಾಜ್ಯ ಹೊರಗಿನವರ ಮುಂದೆ ಹೋಗಬಾರದು ಎಂದು. ಅದೇ ಅಧ್ಯಾಯದಲ್ಲಿ ಪೌಲ ಕೇಳುವುದು, ತೀರ್ಪು ಹೇಳಬಲ್ಲ ಬುದ್ಧಿವಂತ ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು. ಸಭೆ ಕೂತು ಇತ್ಯರ್ಥ ಮಾಡಿದರೆ ಸರಿ. ‘ಸ್ವಲ್ಪ ತಾಳಿಕೋ ಮಗಾ’ ಎಂದು ಬೆನ್ನು ತಟ್ಟಿ ಕಳಿಸಿದರೆ ಅದು ತೀರ್ಪಲ್ಲ. ಅದೇ ಹಾಳೆ ಹಿಡಿದು ಕಾರ್ಮಿಕ ಇಲಾಖೆಗೆ ಹೋಗಿ.

ಇನ್ನು ನಾಲ್ಕು ಗಂಟೆಯ ವಿಷಯ. ಕಣ್ಣೆದುರು ಮಾತ್ರ ದುಡಿಯಬೇಡಿ ಎಂದು ಕೊಲೊಸ್ಸೆ 3:22ರಲ್ಲಿ ಹೇಳಿದ್ದು ನಿಮಗೇ. ನಾಳೆಯಿಂದ ಪೂರ್ತಿ ಹೊತ್ತು ಇರಿ. ಇಲ್ಲದಿದ್ದರೆ ನೀವು ಹಾಳೆ ಬಿಚ್ಚುವ ದಿನ ಧಣಿ ಹಾಜರಿ ಪುಸ್ತಕ ಬಿಚ್ಚುತ್ತಾರೆ.