ಕರೆ ಬಂದ ಕೂಡಲೇ ನೆಟ್ ಹೋಗುವುದೇಕೆ?

ಮೊಬೈಲ್ ಕರೆಗಳ ಬಗ್ಗೆ ಮೈಸೂರು, ಮಂಡ್ಯ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ 4ಜಿ ಫೋನಿನಲ್ಲಿ ನೆಟ್ ಚೆನ್ನಾಗಿ ಓಡುತ್ತದೆ. ಆದರೆ ಕರೆ ಬಂದ ತಕ್ಷಣ 4ಜಿ ಹೋಗಿ 'ಇ' ಅಕ್ಷರ ಬರುತ್ತದೆ, ನೆಟ್ ನಿಂತುಹೋಗುತ್ತದೆ, ದನಿಯೂ ಮಂದ. ಅದೇ ಕಂಪನಿಯ ಸಿಮ್ ಇರುವ ತಮ್ಮನ ಫೋನಿನಲ್ಲಿ ಈ ತೊಂದರೆ ಇಲ್ಲ. ಅಂಗಡಿಯವರು ಹೊಸ ಫೋನ್ ತಗೊಳ್ಳಿ ಅಂತಾರೆ. ತಗೊಳ್ಳಲೇಬೇಕಾ?
— ಕಬ್ಬು ಬೆಳೆಗಾರರು, ಪಾಂಡವಪುರ

ಉತ್ತರ: ಈಗಲೇ ಬೇಡ. ಮೊದಲು ದೋಷ ಎಲ್ಲಿದೆ ನೋಡೋಣ.

2ಜಿ, 3ಜಿಯಲ್ಲಿ ಮಾತಿಗೆಂದೇ ಬೇರೆ ದಾರಿ ಇತ್ತು. 4ಜಿಯಲ್ಲಿ ಅದಿಲ್ಲ, ಅಲ್ಲಿ ಎಲ್ಲವೂ ಡೇಟಾ. ಹಾಗಾಗಿ ಕರೆ ಬಂದಾಗ ಫೋನಿಗೆ ಎರಡೇ ಹಾದಿ: ಹಳೆಯ 2ಜಿಗೆ ಇಳಿದು ಮಾತಾಡುವುದು, ಇಲ್ಲವೇ ಮಾತನ್ನೇ ಡೇಟಾ ಮಾಡಿ 4ಜಿಯಲ್ಲೇ ಕಳಿಸುವುದು. ಎರಡನೆಯದೇ ವೋಎಲ್‌ಟಿಇ. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್‌ಎಂಎ 2010ರಲ್ಲಿ ಇದನ್ನು ಕೈಗೆತ್ತಿಕೊಂಡು, ದನಿಗೆ ಐಆರ್.92, ವಿಡಿಯೊಗೆ ಐಆರ್.94 ಎಂಬ ನಿಯಮಾವಳಿ ರೂಪಿಸಿತು. 'ಇ' ಅಕ್ಷರ 2ಜಿಯ ಗುರುತು, ನಿಮ್ಮ ಫೋನ್ 2ಜಿಗೆ ಇಳಿಯುತ್ತಿದೆ. ಎಂದರೆ ಕಂಪನಿಯ ಐಎಂಎಸ್ ಎಂಬ ಕರೆ ವ್ಯವಸ್ಥೆಯಲ್ಲಿ ಅದು ನೋಂದಣಿಯಾಗಿಲ್ಲ. ಫೋನ್, ಸಿಮ್, ನೆಟ್‌ವರ್ಕ್ ಮೂರೂ ಒಪ್ಪಿದರೆ ಮಾತ್ರ ಆ ನೋಂದಣಿ ಆಗುತ್ತದೆ.

ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ \*#\*#4636#\*#\* ಒತ್ತಿದರೆ ಪರೀಕ್ಷಾ ಪುಟ ತೆರೆಯುತ್ತದೆ. ಅದರ 'ಫೋನ್ ಮಾಹಿತಿ'ಯೊಳಗೆ ಮೂಲೆಯ ಮೂರು ಚುಕ್ಕಿ ಒತ್ತಿ 'ಐಎಂಎಸ್ ಸ್ಥಿತಿ' ನೋಡಿ. ನೋಂದಣಿಯಾಗಿಲ್ಲ ಎಂದಿದ್ದರೆ ಮುಂದಿನವನ್ನು ಇದೇ ಕ್ರಮದಲ್ಲಿ ಪರೀಕ್ಷಿಸಿ. ಎಲ್ಲ ಕಂಪನಿಗಳೂ ಈ ಪುಟವನ್ನು ತೆರೆದಿಟ್ಟಿಲ್ಲ. ತೆರೆಯದಿದ್ದರೆ ಕರೆ ನಡೆಯುವಾಗ 4ಜಿ ಉಳಿಯುತ್ತದೆಯೇ ನೋಡಿದರೂ ಸಾಕು.

ಸೆಟ್ಟಿಂಗ್ಸ್‌ನ ಮೊಬೈಲ್ ನೆಟ್‌ವರ್ಕ್‌ನಲ್ಲಿ ನಿಮ್ಮ ಸಿಮ್ ಆರಿಸಿ, 'ವೋಎಲ್‌ಟಿಇ' ಅಥವಾ '4ಜಿ ಕಾಲಿಂಗ್' ಆನ್ ಮಾಡಿ. ಎರಡು ಸಿಮ್ ಇದ್ದರೆ ಎರಡಕ್ಕೂ ಬೇರೆ ಬೇರೆ ಆನ್ ಮಾಡಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ಎರಡು ಸಿಮ್ ಫೋನ್‌ಗಳಲ್ಲಿ ಒಂದು ಸ್ಲಾಟಿಗೆ ಮಾತ್ರ 4ಜಿ ಇರುತ್ತಿತ್ತು, ಆದ್ದರಿಂದ ಸಿಮ್ಮನ್ನು ಅದಲುಬದಲು ಮಾಡಿಯೂ ನೋಡಿ. ಯಾರಾದರೂ ಎಪಿಎನ್ (ಫೋನ್ ಕಂಪನಿಯ ನೆಟ್‌ಗೆ ಸೇರಲು ಬೇಕಾದ ವಿವರ) ಪಟ್ಟಿಯನ್ನು ತಿದ್ದಿ 'ಐಎಂಎಸ್' ಎಂಬ ನಮೂದನ್ನು ಅಳಿಸಿದ್ದರೆ ನೆಟ್ ಓಡುತ್ತದೆ, ಕರೆ ಮಾತ್ರ 2ಜಿಗೆ ಬೀಳುತ್ತದೆ. ಎಪಿಎನ್ ಪುಟದಲ್ಲೇ 'ಮೊದಲಿನಂತೆ ಮಾಡು' ಎಂಬ ಆಯ್ಕೆ ಇದೆ. ಪ್ರತಿ ಬದಲಾವಣೆಯ ನಂತರ ಫೋನನ್ನು ಆಫ್ ಮಾಡಿ ಆನ್ ಮಾಡಿ.

ಇಷ್ಟಕ್ಕೂ ಸರಿಹೋಗದಿದ್ದರೆ ನಿಮ್ಮ ಸಿಮ್ಮನ್ನು ತಮ್ಮನ ಫೋನಿಗೆ ಹಾಕಿ. ಅಲ್ಲೂ 2ಜಿಗೆ ಇಳಿದರೆ ಸಿಮ್ ಹಳೆಯದಿರಬೇಕು, ಅಥವಾ ನಿಮ್ಮ ನಂಬರಿಗೆ ಈ ಸೇವೆ ಜೋಡಣೆಯಾಗಿಲ್ಲ. ಮೊದಲು ಕಸ್ಟಮರ್ ಕೇರ್‌ನಲ್ಲಿ ಕೇಳಿ, ಆಮೇಲೆ ಮಳಿಗೆಯಲ್ಲಿ ಅದೇ ನಂಬರಿನ ಹೊಸ ಸಿಮ್ ಪಡೆಯಿರಿ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. ಬ್ಯಾಂಕಿನ ಒಟಿಪಿ ಬೇಕಾದ ದಿನ ಈ ಕೆಲಸಕ್ಕೆ ಹೋಗಬೇಡಿ. ತಮ್ಮನ ಫೋನಿನಲ್ಲಿ ಸರಿಯಾಗಿ ನಡೆದರೆ ದೋಷ ನಿಮ್ಮ ಫೋನಿನದೇ: ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ವಿದೇಶದಿಂದ ತಂದ ಫೋನಾದರೆ ಅದರಲ್ಲಿ ನಮ್ಮ ಕಂಪನಿಗಳ ಸಂಯೋಜನೆಯೇ ಇಲ್ಲದಿರಬಹುದು. ಅಂಗಡಿಯವರ ಮಾತು ನಿಜವಾಗುವುದು ಈ ಕೊನೆಯ ಸಂದರ್ಭದಲ್ಲಿ ಮಾತ್ರ.

ಪ್ರಶ್ನೆ: ವೋಎಲ್‌ಟಿಇ ಕರೆಯೂ ಡೇಟಾ, ವಾಟ್ಸ್‌ಆ್ಯಪ್ ಕರೆಯೂ ಡೇಟಾ. ಹಾಗಾದರೆ ವ್ಯತ್ಯಾಸವೇನು? ನನ್ನ ಡೇಟಾ ಪ್ಯಾಕ್ ಖರ್ಚಾಗುತ್ತದೆಯೇ?
— ಕಾಲೇಜು ವಿದ್ಯಾರ್ಥಿನಿ, ಮಳವಳ್ಳಿ

ಉತ್ತರ: ವೋಎಲ್‌ಟಿಇ ದನಿ ಕರೆ ಡೇಟಾ ಪ್ಯಾಕಿನಿಂದ ಕಡಿತವಾಗುವುದಿಲ್ಲ, ಕರೆಯ ಲೆಕ್ಕಕ್ಕೇ ಸೇರುತ್ತದೆ.

ವ್ಯತ್ಯಾಸ ಇರುವುದು ಆದ್ಯತೆಯಲ್ಲಿ. ನಾಲೆಯ ನೀರಿನಲ್ಲಿ ಕುಡಿಯುವುದಕ್ಕೆ ಇಷ್ಟು ಎಂದು ಮೊದಲೇ ತೆಗೆದಿಟ್ಟು ಮಿಕ್ಕದ್ದನ್ನು ಗದ್ದೆಗೆ ಬಿಡುವ ಹಾಗೆ, ಟವರ್ ವೋಎಲ್‌ಟಿಇ ದನಿಗೆ ಖಾತ್ರಿ ಪಾಲು ಕೊಡುತ್ತದೆ. ನೆಟ್‌ವರ್ಕಿನೊಳಗೆ ಆ ದನಿಗೆ ಕೊಟ್ಟ ಗಡುವು 100 ಮಿಲಿಸೆಕೆಂಡ್. ವಾಟ್ಸ್‌ಆ್ಯಪ್ ದನಿ ರೀಲ್ಸ್, ಯೂಟ್ಯೂಬ್‌ಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು. ದಸರಾ ಮೆರವಣಿಗೆಯ ದಿನ ಅರಮನೆ ಸುತ್ತ ಆ್ಯಪ್ ಕರೆ ತುಂಡು ತುಂಡಾದರೂ ಮಾಮೂಲಿ ಕರೆ ನಡೆದರೆ ಕಾರಣ ಇದೇ. ಜನ ಅತಿಯಾಗಿ ಟವರೇ ಹೊಸ ಕರೆ ತೆಗೆದುಕೊಳ್ಳದಿದ್ದರೆ ಎರಡೂ ನಡೆಯುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ದನಿಯನ್ನು 20 ಮಿಲಿಸೆಕೆಂಡಿನ ತುಣುಕು ಮಾಡಿ ಕಳಿಸುತ್ತಾರೆ. ಸೆಕೆಂಡಿಗೆ 12.65 ಕಿಲೋಬಿಟ್ ವೇಗದ ದನಿಯಲ್ಲಿ ಒಂದು ತುಣುಕು ಸುಮಾರು 32 ಬೈಟ್. ಅದರ ಮೇಲಿನ ವಿಳಾಸದ ಭಾಗ ಐಪಿವಿ6 ಎಂಬ ಇಂಟರ್ನೆಟ್ ವಿಳಾಸ ಪದ್ಧತಿಯಲ್ಲಿ 60 ಬೈಟ್, ಎಂದರೆ ಮಾತಿಗಿಂತ ವಿಳಾಸವೇ ದೊಡ್ಡದು! ವೋಎಲ್‌ಟಿಇಯಲ್ಲಿ ಫೋನ್ ಮತ್ತು ಟವರ್ ಸೇರಿ ಆ ವಿಳಾಸವನ್ನು ಮೂರ್ನಾಲ್ಕು ಬೈಟಿಗೆ ಇಳಿಸುತ್ತವೆ. ಸಿಗ್ನಲ್ ತೆಳುವಾದ ಕಡೆ ಕರೆ ಉಳಿಯಲು ಇದರ ಸಹಾಯ ದೊಡ್ಡದು. ದನಿ ಸ್ಪಷ್ಟವಾಗಿರುವುದಕ್ಕೆ ಕಾರಣ ಬೇರೆ: ಹಳೆಯ ಕರೆಯಲ್ಲಿ 3,400 ಹರ್ಟ್ಸ್ ಮೇಲಿನ ಸದ್ದು ಬರುತ್ತಲೇ ಇರಲಿಲ್ಲ, ಈಗ 7,000 ಹರ್ಟ್ಸ್‌ವರೆಗೆ ಬರುತ್ತದೆ. 'ಸ' ಮತ್ತು 'ಫ' ಕಲೆಸಿಹೋಗದಿರುವುದು ಇದರಿಂದ. ಆಚೆ ಬದಿಯವರು 2ಜಿಯಲ್ಲಿದ್ದರೆ ಈ ಲಾಭ ಸಿಗುವುದಿಲ್ಲ.

ಡಯಲರ್‌ನಲ್ಲೇ ಇರುವ ವಿಡಿಯೊ ಕರೆಗೆ ಎರಡೂ ಕಡೆಯ ಫೋನ್ ಮತ್ತು ನೆಟ್‌ವರ್ಕ್ ಅದನ್ನು ಬೆಂಬಲಿಸಬೇಕು. ಕಂಪನಿ ಬೇರೆಯಾದರೆ ಅನೇಕ ಸಲ ಕರೆ ಬರಿಯ ದನಿಗೆ ಇಳಿಯುತ್ತದೆ. ಕೆಲವು ಫೋನ್‌ಗಳಲ್ಲಿ ಆ ಚಿಹ್ನೆ ಒತ್ತಿದರೆ ತೆರೆಯುವುದು ಗೂಗಲ್ ಮೀಟ್, ಅದು ನಿಮ್ಮ ಡೇಟಾವನ್ನೇ ಬಳಸುತ್ತದೆ.

ಪ್ರಶ್ನೆ: ನಮ್ಮದು ದಪ್ಪ ಗೋಡೆಯ ಹಳೆಯ ಮನೆ. ನಡುಮನೆಯಲ್ಲಿ ಸಿಗ್ನಲ್ ಇಲ್ಲ. ವೈಫೈ ಕಾಲಿಂಗ್ ಆನ್ ಮಾಡಿದ್ದೇವೆ, ಆದರೂ ಕರೆ ಸಿಗುವುದಿಲ್ಲ.
— ನಿವೃತ್ತ ಶಿಕ್ಷಕಿ, ಅಗ್ರಹಾರ, ಮೈಸೂರು

ಉತ್ತರ: ಮೊದಲು ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿ, ಒಂದೆರಡು ನಿಮಿಷ ಕಾಯಿರಿ. ಕಂಪನಿಯ ಹೆಸರಿನ ಪಕ್ಕ ವೈಫೈ ಕರೆಯ ಗುರುತು ಬಂದು ಕರೆ ಹೋದರೆ ರೂಟರ್ ಸರಿಯಿದೆ. ಆಗ ತೊಂದರೆ ಇಷ್ಟೇ: ನಡುಮನೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಕಂಡರೂ ಫೋನ್ ಅದಕ್ಕೇ ಅಂಟಿಕೊಳ್ಳುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ 'ವೈಫೈಗೆ ಆದ್ಯತೆ' ಎಂಬುದಿದ್ದರೆ ಆರಿಸಿ.

ಗುರುತು ಬರದಿದ್ದರೆ ರೂಟರ್ ಕಡೆ ನೋಡಬೇಕು. ಫೋನ್ ಕಂಪನಿಯವರೆಗೆ ಒಂದು ಗುಪ್ತ ಸುರಂಗ ತೆರೆಯುತ್ತದೆ, ಅದಕ್ಕೆ ಯುಡಿಪಿ 500 ಮತ್ತು 4500 ಎಂಬ ಪೋರ್ಟ್‌ಗಳು ತೆರೆದಿರಬೇಕು. ಬ್ರಾಡ್‌ಬ್ಯಾಂಡ್‌ನವರಿಗೆ ಈ ಎರಡು ಸಂಖ್ಯೆ ಹೇಳಿ, 'ಐಪಿಸೆಕ್ ಪಾಸ್‌ಥ್ರೂ' ಆನ್ ಮಾಡಿಸಿ. ಫೋನಿನಲ್ಲಿ ವಿಪಿಎನ್ ಇದ್ದರೆ ನಿಲ್ಲಿಸಿ. ಮಾತು ನಡುನಡುವೆ ಕಡಿದರೆ ರೂಟರನ್ನು ಮೂಲೆಯ ಕಪಾಟಿನಿಂದ ತೆಗೆದು ನಡುಮನೆಯ ಬಾಗಿಲಿನ ನೇರಕ್ಕೆ ಇಡಿ, ಆ ಗೋಡೆ ವೈಫೈಯನ್ನೂ ತಡೆಯುತ್ತದೆ. ಒಂದು ನಿಮಿಷದ ಮಾತಿಗೆ ಬ್ರಾಡ್‌ಬ್ಯಾಂಡ್‌ನಲ್ಲಿ ಸುಮಾರು ಒಂದು ಎಂಬಿ ಸಾಕು.

ಕರೆಂಟ್ ಹೋದರೆ ರೂಟರ್ ಆರುತ್ತದೆ, ನಡುಮನೆಯಲ್ಲಿ ಫೋನೂ ಮೂಕವಾಗುತ್ತದೆ. ಹಿರಿಯರಿರುವ ಮನೆಯಲ್ಲಿ ರೂಟರಿಗೊಂದು ಚಿಕ್ಕ ಯುಪಿಎಸ್ ಖಂಡಿತ ಇರಲಿ. ತುರ್ತಾಗಿ 112ಕ್ಕೆ ಕರೆಯಬೇಕಾದರೆ ಸಾಧ್ಯವಿದ್ದಷ್ಟೂ ಸಿಗ್ನಲ್ ಇರುವ ಜಗಲಿಗೆ ಬಂದು ಕರೆದು, ವಿಳಾಸವನ್ನು ಬಾಯಲ್ಲೇ ಹೇಳಿ. ವೈಫೈ ಕರೆಯಿಂದ ನೀವಿರುವ ಜಾಗ ಅವರಿಗೆ ಸರಿಯಾಗಿ ತಿಳಿಯುತ್ತದೆಂಬ ಭರವಸೆ ಇಲ್ಲ.

ಪ್ರಶ್ನೆ: ಎಚ್.ಡಿ. ಕೋಟೆ ದಾಟಿ ಕಾಡಿನ ಕಡೆ ಹೋಗುವಾಗ ನನ್ನ ಕರೆ ತುಂಡಾಗುತ್ತದೆ, ಪಕ್ಕದವರದು ಮುಂದುವರಿಯುತ್ತದೆ.
— ಟ್ಯಾಕ್ಸಿ ಚಾಲಕರು, ಮೈಸೂರು

ಉತ್ತರ: 4ಜಿ ಮುಗಿಯುವ ಅಂಚಿನಲ್ಲಿ ನಡೆಯುತ್ತಿರುವ ಕರೆಯನ್ನು 2ಜಿಗೆ ದಾಟಿಸುವ ವ್ಯವಸ್ಥೆ ಇದೆ. ಅದಕ್ಕೆ ಆ ಕಂಪನಿಯ 2ಜಿ ಇರಬೇಕು. 2016ರಲ್ಲಿ ಬಂದ ಜಿಯೋಗೆ 2ಜಿ, 3ಜಿ ಇಲ್ಲವೇ ಇಲ್ಲ, ಆದ್ದರಿಂದ ಅದರಲ್ಲಿ 4ಜಿ ಮುಗಿದರೆ ಕರೆಯೂ ಮುಗಿಯಿತು. ಆ ದಾರಿಯಲ್ಲಿ ದಿನವೂ ಓಡಾಡುವವರು ಎರಡನೆಯ ಸಿಮ್ಮಾಗಿ 2ಜಿ ಉಳಿಸಿಕೊಂಡಿರುವ ಕಂಪನಿಯದನ್ನು ಇಟ್ಟುಕೊಳ್ಳಿ. 'ಎಲ್‌ಟಿಇ ಮಾತ್ರ' (ಎಂದರೆ 4ಜಿ ಮಾತ್ರ) ಎಂದು ಫೋನ್ ಹೊಂದಿಸಿದ್ದರೆ ಬದಲಿಸಿ, ಇಲ್ಲದಿದ್ದರೆ 2ಜಿ ಇದ್ದೂ ಸಿಗುವುದಿಲ್ಲ.

ಪ್ರಶ್ನೆ: 5ಜಿ ಫೋನ್. ಕರೆ ಮಾಡಿದಾಗ 4ಜಿ ಆಗುತ್ತದೆ. ಫೋನ್ ಕೆಟ್ಟಿದೆಯೇ?
— ಓದುಗರು, ಮದ್ದೂರು

ಉತ್ತರ: ಇಲ್ಲ. 5ಜಿ ಮೇಲೆಯೇ ದನಿ ಸಾಗಿಸಲು ಟವರ್, ಫೋನ್ ಎರಡೂ ಸಿದ್ಧವಿರಬೇಕು. ಇಲ್ಲದ ಕಡೆ ಕರೆ 4ಜಿಯ ವೋಎಲ್‌ಟಿಇ ಮೇಲೆ ಹೋಗುತ್ತದೆ, ಮಾತು ಮುಗಿದ ಮೇಲೆ 5ಜಿ ಮರಳುತ್ತದೆ. ಕರೆ ಜೋಡಣೆಯಾಗಲು ಒಂದೆರಡು ಸೆಕೆಂಡ್ ಹೆಚ್ಚು ಹಿಡಿಯಬಹುದು. ನಿಮ್ಮ ಫೋನಿನಲ್ಲಿ ವೋಎಲ್‌ಟಿಇ ಆಫ್ ಆಗಿದ್ದರೆ ಮಾತ್ರ ಕರೆ 2ಜಿವರೆಗೂ ಜಾರುತ್ತದೆ, ಆಗ ಮೇಲೆ ಪಾಂಡವಪುರದವರಿಗೆ ಹೇಳಿದ ಕ್ರಮವನ್ನೇ ಅನುಸರಿಸಿ.